ಲೋಡರ್‌ಗೆ ಕ್ವಿಕ್ ಅಟ್ಯಾಚ್: ವೆಲ್ಡಿಂಗ್‌ಗೂ ಮೊದಲಿನ ಕೆಲಸ

ಟ್ರ್ಯಾಕ್ಟರ್ ಲೋಡರ್‌ನ ಬಕೆಟ್ ಬಿಚ್ಚಿ ಫೋರ್ಕ್ ಹಾಕುವುದು ನೋಡುವವರಿಗೆ ನಾಲ್ಕು ಪಿನ್‌ಗಳ ಕೆಲಸ. ಮಾಡುವವರಿಗೆ ದೊಡ್ಡ ರಗಳೆ. ಪಿನ್ ತುಕ್ಕು ಹಿಡಿದಿರುತ್ತದೆ, ಬಕೆಟ್ ನೆಲದ ಮೇಲೆ ಓರೆಯಾಗಿ ಕುಳಿತಿರುತ್ತದೆ, ಎಡಗಡೆಯ ತೂತು ಕೂಡಿತು ಅನ್ನುವಷ್ಟರಲ್ಲಿ ಬಲಗಡೆಯದು ಅರ್ಧ ಬೆರಳು ಆಚೆ ಸರಿದಿರುತ್ತದೆ. ಒಬ್ಬರು ಸೀಟಿನ ಮೇಲೆ ಕುಳಿತು ಲಿವರ್ ಅಲುಗಾಡಿಸುತ್ತಾರೆ, ಇನ್ನೊಬ್ಬರು ತೂತಿನೊಳಗೆ ಬೆರಳಿಟ್ಟು ಸರಿಯಾಯಿತೇ ಎಂದು ನೋಡುತ್ತಾರೆ. ಬೆರಳು ಹೋಗುವುದು ಆಗಲೇ. ಹಾಗಾಗಿ ಕ್ವಿಕ್ ಅಟ್ಯಾಚ್, ಅಂದರೆ ಆ ಪಿನ್‌ಗಳನ್ನು ಬಿಚ್ಚದೆ ಬಕೆಟ್, ಫೋರ್ಕ್ ಬದಲಿಸಲು ತೋಳಿನ ತುದಿಗೆ ಹಾಕುವ ಫ್ರೇಮ್, ಬರಿಯ ಸಮಯ ಉಳಿಸುವ ಶೋಕಿಯಲ್ಲ.

ನನ್ನದು ಮನೆಯ ಹಿಂದಿನ ಶೆಡ್ಡಿನಲ್ಲಿ ನಡೆಯುವ ಫ್ಯಾಬ್ರಿಕೇಶನ್ ಕೆಲಸ. ಟ್ರೇಲರ್ ದುರಸ್ತಿ, ಕಲ್ಟಿವೇಟರ್, ಗೇಟು, ಗ್ರಿಲ್ಲು. ಈಚೆಗೆ ಲೋಡರ್ ಕೆಲಸವೂ ಬರುತ್ತಿದೆ. ಗ್ಯಾಸ್ ಕಟಿಂಗ್ ಸೆಟ್ಟು, ವೆಲ್ಡಿಂಗ್ ಯಂತ್ರ, ಹರಿಹರದಲ್ಲಿ ತಯಾರಾದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತು: ಇಷ್ಟು ನನ್ನ ಬಂಡವಾಳ. ದಾವಣಗೆರೆ ಸೀಮೆಯ ಭದ್ರಾ ನಾಲೆಯ ಕೆಳಗೆ ಭತ್ತದ ಕಟಾವು ಯಂತ್ರ ಹೋದ ಮೇಲೆ ಹುಲ್ಲನ್ನು ಬೇಲ್ ಕಟ್ಟಿಸುತ್ತಾರೆ. ಬೇಲ್ ಎತ್ತಲು ಮೊನೆಯ ಫೋರ್ಕ್, ತಿಪ್ಪೆ ಗೊಬ್ಬರಕ್ಕೆ ಹಲ್ಲಿನ ಫೋರ್ಕ್, ಮಣ್ಣಿಗೆ ಬಕೆಟ್. ಲೋಡರ್ ಒಂದೇ, ಮುಖ ಮೂರು. ಬದಲಿಸುವ ರಗಳೆಗೆ ಬೇಸತ್ತು ಅನೇಕರು ಎಲ್ಲದಕ್ಕೂ ಬಕೆಟ್ಟನ್ನೇ ಬಳಸಿ, ಅದರ ತುಟಿಯಲ್ಲಿ ಬೇಲ್ ಹರಿದು, ಆಮೇಲೆ ನನ್ನ ಹತ್ತಿರ ಬರುತ್ತಾರೆ.

ಬಂದವರು ಕೇಳುವುದು ಬಹುತೇಕ ಒಂದೇ: “ಮೇಲೆ ಎರಡು ಕೊಕ್ಕೆ, ಕೆಳಗೆ ಒಂದು ಪಿನ್ನು ಬೆಸೆದುಕೊಡಿ, ಸಾಕು.” ಬೆಸೆಯುವುದು ಕಷ್ಟವಲ್ಲ. ಆದರೆ ನನ್ನ ಮನಸ್ಸಿಗೆ ಬಂದ ಅಳತೆಯಲ್ಲಿ ಕೊಕ್ಕೆ ಮಾಡಿಕೊಟ್ಟರೆ ಆ ರೈತರು ಜೀವನಪೂರ್ತಿ ನನ್ನ ಶೆಡ್ಡಿಗೇ ಬರಬೇಕು. ವ್ಯಾಪಾರಕ್ಕೆ ಅದು ಒಳ್ಳೆಯದಿರಬಹುದು, ಅವರಿಗೆ ಒಳ್ಳೆಯದಲ್ಲ. ಜಗತ್ತಿನಲ್ಲಿ ಇದಕ್ಕೆ ಒಪ್ಪಿತ ಅಳತೆಗಳಿವೆ. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಸಹೋದರರು, ನಮ್ಮಂತೆಯೇ ಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿದ್ದವರು, ಟರ್ಕಿ ಕೋಳಿ ಶೆಡ್ಡಿನ ಗೊಬ್ಬರ ಬಾಚಲೆಂದು ಮೂರು ಚಕ್ರದ ಪುಟ್ಟ ಲೋಡರ್ ಕಟ್ಟಿದರು. ಅದೇ ಮುಂದೆ ಬಾಬ್‌ಕ್ಯಾಟ್ ಆಯಿತು, 1970ರಲ್ಲಿ ಅದಕ್ಕೆ ಬಾಬ್‌ಟ್ಯಾಚ್ ಎಂಬ ಜೋಡಣೆ ಬಂತು. ಇಂದು ಸ್ಕಿಡ್ ಸ್ಟಿಯರ್, ಅಂದರೆ ಬಾಬ್‌ಕ್ಯಾಟ್ ಬಗೆಯ ಪುಟ್ಟ ಲೋಡರ್‌ಗಳ ಜೋಡಣೆಗೆ ಐಎಸ್ಒ 24410 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಯುರೋಪಿನ ಟ್ರ್ಯಾಕ್ಟರ್ ಲೋಡರ್‌ಗಳದ್ದು ಬೇರೆ ದಾರಿ, ಅದಕ್ಕೆ ಐಎಸ್ಒ 23206.

ಸ್ಕಿಡ್ ಸ್ಟಿಯರ್ ಮಾದರಿಯಲ್ಲಿ ಲೋಡರ್ ಕಡೆಯ ಫ್ರೇಮಿನ ಓರೆಯಾದ ಮೇಲಂಚು ಬಕೆಟ್ಟಿನ ಹಿಂದಿನ ಮಡಿಕೆಯೊಳಗೆ ಹೋಗಿ ಕೂರುತ್ತದೆ. ಕೆಳಗೆ ಎರಡು ವೆಡ್ಜ್‌ಗಳು, ಅಂದರೆ ಬೆಣೆಯಾಕಾರದ ಪಿನ್‌ಗಳು, ಬಕೆಟ್ಟಿನ ತೂತಿಗೆ ಇಳಿದು ಬಿಗಿಯುತ್ತವೆ. ಯುರೋ ಮಾದರಿಯಲ್ಲಿ ಬಕೆಟ್ಟಿನ ಕೊಕ್ಕೆಗಳು ಫ್ರೇಮಿನ ಮೇಲಿನ ಸರಳಿಗೆ ತೂಗಿಬೀಳುತ್ತವೆ, ಕೆಳಗೆ ಅಡ್ಡ ಪಿನ್ನು ಲಾಕ್ ಆಗುತ್ತದೆ. ಲೇತ್ ಇದ್ದವರಿಗೆ ಯುರೋ ಸುಲಭ: ಎಲ್ಲವೂ ಗುಂಡು ಸರಳು, ಗುಂಡು ತೂತು. ಆದರೂ ನಾನು ಸ್ಕಿಡ್ ಸ್ಟಿಯರ್ ಕಡೆಗೇ ವಾಲುತ್ತೇನೆ. ತೂತು ಸವೆದರೂ ವೆಡ್ಜ್ ಇನ್ನಷ್ಟು ಕೆಳಗಿಳಿದು ಸಡಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಗುಂಡು ಪಿನ್ನಿಗೆ ಆ ಬುದ್ಧಿ ಇಲ್ಲ.

ಇನ್ನು ಅಳತೆ. ಬಕೆಟ್ಟಿನ ಹಿಂದೆ ಎರಡು ಜೊತೆ ತೂತುಗಳಿರುತ್ತವೆ: ಕೆಳಗಿನವು ಲೋಡರ್ ತೋಳಿಗೆ, ಮೇಲಿನವು ಬಕೆಟ್ ಮಗುಚುವ ಸಿಲಿಂಡರ್‌ಗೆ. ಇವೆರಡರ ನಡುವಿನ ಅಂತರವನ್ನು ಹೊಸ ಫ್ರೇಮಿನಲ್ಲಿ ಇದ್ದ ಹಾಗೆಯೇ ಇಳಿಸಬೇಕು. 250 ಮಿಲಿಮೀಟರ್ ಇದ್ದದ್ದು 225 ಆದರೆ ಸಿಲಿಂಡರ್‌ಗೆ ಸಿಗುವ ತೋಳು ಹತ್ತನೇ ಒಂದು ಭಾಗ ಕಡಿಮೆಯಾಗಿ, ಮಣ್ಣಿನಿಂದ ಬಕೆಟ್ ಕಿತ್ತು ಮೇಲೇಳುವ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಹೆಚ್ಚು ಮಾಡಿದರೆ ಬಲ ಸಿಗುತ್ತದೆ, ಆದರೆ ಬಕೆಟ್ ಪೂರ್ತಿ ಮಗುಚುವುದಿಲ್ಲ, ಗೊಬ್ಬರ ಅರ್ಧ ಒಳಗೇ ಉಳಿಯುತ್ತದೆ. ಇದನ್ನು ಟೇಪು ಹಿಡಿದು ತೂತಿನ ನಡುವಿನಿಂದ ನಡುವಿಗೆ ಅಳೆಯುವುದು ಕಣ್ಣಳತೆಯ ಲೆಕ್ಕವೇ ಸರಿ. ಹೊಸ ಪಿನ್ನುಗಳನ್ನು ತೂರಿಸಿ, ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಲ್ಲಿ ಅಳೆದು, ಎರಡೂ ಪಿನ್ನಿನ ಅರ್ಧ ವ್ಯಾಸಗಳನ್ನು ಕಳೆಯಬೇಕು. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಮೊದಲು ಬುಷ್, ಅಂದರೆ ತೂತಿನೊಳಗಿನ ಬಳೆ, ಬದಲಿಸಿ, ಆಮೇಲೆ ಅಳತೆ. ಸವೆದ ತೂತಿನ ಅಳತೆ ಹಿಡಿದು ಫ್ರೇಮ್ ಮಾಡಿದರೆ ಹಳೆಯ ಸಡಿಲಿಗೆ ಹೊಸ ಕಬ್ಬಿಣದ ಅಂಗಿ ತೊಡಿಸಿದಂತೆ.

ಅಳತೆಯಾದ ಮೇಲೂ ಪ್ಲೇಟ್ ಕತ್ತರಿಸುವುದಿಲ್ಲ. ಪ್ಲೈವುಡ್‌ನಲ್ಲಿ ಪಕ್ಕದ ಕಿವಿಯ, ಅಂದರೆ ಪಿನ್ ತೂತಿರುವ ಪ್ಲೇಟಿನ, ಆಕಾರ ಕೊಯ್ದು ತೋಳಿಗೆ ತೂಗುಹಾಕಿ, ಸಿಲಿಂಡರ್ ಪೂರ್ತಿ ಒಳಗೆ, ಪೂರ್ತಿ ಹೊರಗೆ ಹೋದಾಗ ಅದು ತೋಳಿಗೋ ಅಡ್ಡ ಪೈಪಿಗೋ ತಾಗುತ್ತದೆಯೇ ನೋಡುತ್ತೇನೆ. ಪ್ಲೈವುಡ್ ಮುರಿದರೆ ನಷ್ಟವಿಲ್ಲ. ಸಿಲಿಂಡರ್ ಒತ್ತಡಕ್ಕೆ ಉಕ್ಕಿನ ಕಿವಿ ತೋಳನ್ನು ಮೀಟಿದರೆ ಬಾಗುವುದು ತೋಳು.

ಗ್ರಾಹಕರಿಗೆ ಹೇಳಿ ಒಪ್ಪಿಸಲು ಕಷ್ಟವಾಗುವುದು ಇನ್ನೊಂದು ವಿಷಯ. ತೋಳು ಮತ್ತು ಬಕೆಟ್ ನಡುವೆ ಏನು ಸೇರಿಸಿದರೂ ಬಕೆಟ್ ಅಷ್ಟು ಮುಂದೆ ಹೋಗುತ್ತದೆ. 500 ಕಿಲೋ ಭಾರ ಮುಂದಿನ ಅಚ್ಚಿನಿಂದ ಒಂದೂವರೆ ಮೀಟರ್ ಮುಂದೆ ಇದೆ ಎಂದುಕೊಳ್ಳಿ. ಟ್ರ್ಯಾಕ್ಟರನ್ನು ಮುಂದಕ್ಕೆ ಮಗುಚಲು ನೋಡುವ ಬಲ 750 ಕಿಲೋ-ಮೀಟರ್‌ನಷ್ಟು, ಅಂದರೆ ಕಿಲೋವನ್ನು ಮೀಟರ್‌ನಿಂದ ಗುಣಿಸಿದ ಲೆಕ್ಕ. ಫ್ರೇಮಿನಿಂದಾಗಿ ಭಾರ 12 ಸೆಂಟಿಮೀಟರ್ ಮುಂದೆ ಹೋದರೆ ಅದು 810. ಫ್ರೇಮ್ ತಾನೇ 60 ಕಿಲೋ ತೂಗಿ, ಅಚ್ಚಿನಿಂದ 1.1 ಮೀಟರ್ ಮುಂದೆ ಕುಳಿತರೆ ಇನ್ನೂ 66. ಒಟ್ಟು 876. ಬಕೆಟ್ಟಿಗೆ ಒಂದು ಬುಟ್ಟಿ ಮಣ್ಣೂ ಹೆಚ್ಚು ಹಾಕದೆ ಶೇಕಡಾ 17ರಷ್ಟು ಹೊರೆ ಏರಿತು. ಆದ್ದರಿಂದ ಫ್ರೇಮಿನ ದಪ್ಪದಲ್ಲಿ ಒಂದೊಂದು ಸೆಂಟಿಮೀಟರ್‌ಗೂ ನಾನು ಜಿಪುಣ. ಬಕೆಟ್ಟಿನ ಹಳೆಯ ಕಿವಿಗಳನ್ನು ಹಾಗೆಯೇ ಬಿಟ್ಟು ಅವುಗಳ ಮೇಲೆ ಹೊಸ ಪ್ಲೇಟ್ ಬೆಸೆಯಿರಿ ಎನ್ನುವವರಿದ್ದಾರೆ. ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಬಕೆಟ್ ಇನ್ನಷ್ಟು ಮುಂದೆ ಹೋಗುತ್ತದೆ. ಹಳೆಯ ಕಿವಿಗಳನ್ನು ಕತ್ತರಿಸಿ, ಗ್ರೈಂಡ್ ಮಾಡಿ, ಬಕೆಟ್ಟಿನ ಬೆನ್ನಿಗೆ ಅಂಟಿದಂತೆಯೇ ಹೊಸ ಪ್ಲೇಟ್ ಕೂರಿಸುತ್ತೇನೆ.

ಇದಕ್ಕೆ ಹಿಂದಿನಿಂದ ತೂಕ ಕೊಡಬೇಕು. ಹಿಂದಿನ ಟಯರಿಗೆ ನೀರು ತುಂಬಿಸಿದ್ದೇವೆ ಎಂದು ಹೆಮ್ಮೆಯಿಂದ ಹೇಳುವವರು ಬಹಳ. ನೀರು ಟ್ರ್ಯಾಕ್ಟರ್ ಮಗುಚುವುದನ್ನು ತಡೆಯುತ್ತದೆ, ಸರಿ. ಆದರೆ ಅದು ಹಿಂದಿನ ಅಚ್ಚಿನ ಮೇಲೆಯೇ ಕೂರುವುದರಿಂದ ಮುಂದಿನ ಅಚ್ಚಿನ ಹೊರೆಯನ್ನು ಒಂದು ಕಿಲೋವೂ ಇಳಿಸುವುದಿಲ್ಲ. ತೂಕ ಹಿಂದಿನ ಅಚ್ಚಿನ ಹಿಂದೆ, ನೇಗಿಲು ಕಟ್ಟುವ ತ್ರೀ ಪಾಯಿಂಟ್ ಲಿಂಕೇಜಿನಲ್ಲಿ ತೂಗಬೇಕು. 200 ಲೀಟರ್ ಡ್ರಮ್ಮಿಗೆ ಕಾಂಕ್ರೀಟ್ ತುಂಬಿದರೆ ಸುಮಾರು 480 ಕಿಲೋ. ಅದು ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದಿದ್ದು, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ ಎರಡು ಮೀಟರ್ ಆದರೆ, ಮುಂದಿನ ಅಚ್ಚಿನ ಮೇಲಿಂದ 240 ಕಿಲೋ ಇಳಿಯುತ್ತದೆ. ಟೂ ವೀಲ್ ಡ್ರೈವ್ ಟ್ರ್ಯಾಕ್ಟರ್‌ಗಳ ಮುಂದಿನ ಅಚ್ಚು ಉಳುಮೆಗೆಂದು ಮಾಡಿದ್ದು. ಲೋಡರ್ ಹಾಕಿದ ಮೇಲೆ ಅದರ ಕಿಂಗ್‌ಪಿನ್ ಬುಷ್, ಬೇರಿಂಗ್ ಬೇಗ ಸವೆಯುವುದನ್ನು ಮೆಕ್ಯಾನಿಕ್‌ಗಳೆಲ್ಲ ಬಲ್ಲರು. ಡ್ರಮ್ ಹಾಕಿಸಲು ಒಪ್ಪದವರ ಕೆಲಸವನ್ನು ನಾನು ಹಿಡಿಯುವುದಿಲ್ಲ.

ವೆಲ್ಡಿಂಗ್‌ನಲ್ಲಿ ಇರುವ ಗುಟ್ಟು ಒಂದೇ. ನಾಲ್ಕು ಕಿವಿಗಳನ್ನು ಸಾಲಾಗಿ ಬೆಸೆದ ಮೇಲೆ ಶಾಖಕ್ಕೆ ಅವು ಎಳೆದುಕೊಂಡು, ಮೊದಲು ಸಲೀಸಾಗಿ ಹೋಗುತ್ತಿದ್ದ ಪಿನ್ ಸುತ್ತಿಗೆ ಹೊಡೆದರೂ ಹೋಗುವುದಿಲ್ಲ. ದೊಡ್ಡ ಕಾರ್ಖಾನೆಯವರು ಬೆಸೆದಾದ ಮೇಲೆ ಸಾಲಾಗಿ ಬೋರಿಂಗ್ ಮಾಡುತ್ತಾರೆ. ನಮ್ಮ ಶೆಡ್ಡಿನಲ್ಲಿ ಆ ಯಂತ್ರವಿಲ್ಲ. ಹಾಗಾಗಿ ಕಿವಿಯ ತೂತನ್ನು ಬುಷ್ಷಿನ ಹೊರ ವ್ಯಾಸಕ್ಕಿಂತ ಎರಡು ಮಿಲಿಮೀಟರ್ ದೊಡ್ಡದಾಗಿಯೇ ಕೊಯ್ಯುತ್ತೇನೆ. ಕಿವಿಗಳನ್ನು ಮೊದಲು ಪೂರ್ತಿ ಬೆಸೆದು ತಣ್ಣಗಾಗಲು ಬಿಡುತ್ತೇನೆ. ಅವು ಎಷ್ಟು ಎಳೆದುಕೊಳ್ಳಬೇಕೋ ಎಳೆದುಕೊಳ್ಳಲಿ. ಆಮೇಲೆ ನಾಲ್ಕೂ ತೂತುಗಳ ಮೂಲಕ ಒಂದೇ ಒಂದು ಉದ್ದನೆಯ ಬ್ರೈಟ್ ಬಾರ್ (ನುಣುಪಾದ ನೇರ ಉಕ್ಕಿನ ಸರಳು) ಹಾಯಿಸಿ, ಅದಕ್ಕೆ ಗ್ರೀಸ್ ಸವರಿ, ಬುಷ್ಷುಗಳನ್ನು ಪೋಣಿಸಿ, ಕೊನೆಗೆ ಬುಷ್ಷನ್ನು ಕಿವಿಗೆ ಬೆಸೆಯುತ್ತೇನೆ: ಒಂದು ಬದಿಗೆ ಚೂರು, ಎದುರು ಬದಿಗೆ ಚೂರು. ಬಾರ್ ಪೂರ್ತಿ ತಣ್ಣಗಾಗುವವರೆಗೆ ತೆಗೆಯುವುದಿಲ್ಲ.

ಕಿವಿ ಮತ್ತು ಬುಷ್ಷಿಗೆ 7018 ನಂಬರಿನ ವೆಲ್ಡಿಂಗ್ ರಾಡ್. ಗೇಟಿಗೆ ಬಳಸುವ 6013 ಇಲ್ಲಿಗೆ ಬೇಡ. 7018 ತೇವ ಕುಡಿದರೆ ಕೆಲಸಕ್ಕೆ ಬಾರದು, ಹಾಗಾಗಿ ಮಳೆಗಾಲದಲ್ಲಿ ಸೀಲು ಒಡೆದ ಪೊಟ್ಟಣವನ್ನು ಮರುದಿನಕ್ಕೆ ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಬೆಸುಗೆ ಆದಷ್ಟೂ ಫ್ರೇಮನ್ನು ಟ್ರ್ಯಾಕ್ಟರ್‌ನಿಂದ ಬಿಚ್ಚಿಯೇ. ಟ್ಯಾಕ್, ಅಂದರೆ ತಾತ್ಕಾಲಿಕ ಚುಕ್ಕೆ ಬೆಸುಗೆ, ಹಾಕಲಾದರೂ ಟ್ರ್ಯಾಕ್ಟರ್ ಮೇಲೆಯೇ ಬೇಕಾದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಅರ್ಥಿಂಗ್ ಕ್ಲಾಂಪನ್ನು ಬೆಸೆಯುವ ತುಂಡಿಗೇ ಕಚ್ಚಿಸಬೇಕು. ಚಾಸಿಗೆ ಕಚ್ಚಿಸಿದರೆ ಕರೆಂಟ್ ಸಿಲಿಂಡರ್ ಮತ್ತು ಪಿನ್ನುಗಳ ಮೂಲಕ ಹಾದುಹೋಗುತ್ತದೆ. ಸಿಲಿಂಡರ್ ರಾಡಿನ ಕ್ರೋಮ್ ಮೇಲೆ ಸಾಸಿವೆಯಷ್ಟು ಕಿಡಿಯ ಕಲೆ ಬಿದ್ದರೆ ಸಾಕು, ಅದು ಸೀಲನ್ನು ಉಜ್ಜಿ ಉಜ್ಜಿ ಎಣ್ಣೆ ಸೋರುವಂತೆ ಮಾಡುತ್ತದೆ.

ವೆಡ್ಜ್ ಹೊಸದರಲ್ಲಿಯೇ ಬುಡದವರೆಗೆ ಇಳಿದು ಕೂರಬಾರದು. ಸವೆದ ಮೇಲೆ ಇಳಿಯಲು ಜಾಗ ಬೇಕಲ್ಲ? ಬಿಗಿದಾಗ ಇನ್ನೂ ಬೆರಳಿನಷ್ಟು ದಾರಿ ಉಳಿದಿರಬೇಕು. ನಮ್ಮ ಎರೆ ಮಣ್ಣು ತೂತಿನೊಳಗೆ ಮೆತ್ತಿಕೊಂಡು ಒಣಗಿದರೆ ಕಲ್ಲಿನಂತಾಗುತ್ತದೆ. ಆದ್ದರಿಂದ ತೂತಿನ ಕೆಳಗೆ ಏನನ್ನೂ ಬೆಸೆಯದೆ ತೆರೆದೇ ಇಡುತ್ತೇನೆ, ವೆಡ್ಜ್ ತಾನೇ ಮಣ್ಣನ್ನು ತಳ್ಳಿಹಾಕಲಿ.

ಸಿದ್ಧವಾದ ಮೇಲೆ ಖಾಲಿ ಬಕೆಟ್ ಕಚ್ಚಿಸಿ, ಮುಂದಕ್ಕೆ ಮಗುಚಿ, ತುಟಿಯನ್ನು ನೆಲಕ್ಕೆ ಒತ್ತಿ ಮುಂದಿನ ಚಕ್ರ ಹಗುರಾಗುವವರೆಗೆ ನೋಡುತ್ತೇವೆ. ವೆಡ್ಜ್ ಕಚ್ಚಿರದಿದ್ದರೆ ಬಕೆಟ್ಟಿನ ಕೆಳಭಾಗ ಅಲ್ಲಿಯೇ ಬಾಯಿ ಬಿಡುತ್ತದೆ. ತಲೆಯ ಮೇಲಿರುವಾಗ ಬಿಡುವುದಕ್ಕಿಂತ ನೆಲದ ಮೇಲೆ ಬಿಟ್ಟರೆ ವಾಸಿ. ಬಕೆಟ್ ಬದಲಿಸಿದಾಗಲೆಲ್ಲ ಇದನ್ನು ಮಾಡಿ ಎಂದು ಫ್ರೇಮಿನ ಮೇಲೆಯೇ ಹಳದಿ ಬಣ್ಣದಲ್ಲಿ ಬರೆದು ಕಳುಹಿಸುತ್ತೇನೆ.

ಈಗ ಹೊಸ ಬೇಡಿಕೆ ಶುರುವಾಗಿದೆ: ಸೀಟಿನಿಂದಲೇ ಲಾಕ್ ಆಗುವ ಹೈಡ್ರಾಲಿಕ್ ವೆಡ್ಜ್ ಬೇಕಂತೆ. ಇನ್ನೊಂದು ವಾಲ್ವು, ಎರಡು ಪೈಪು, ಒಂದು ಚಿಕ್ಕ ಸಿಲಿಂಡರ್, ಮಾಡಲು ಬರುತ್ತದೆ. ಆದರೆ ಸೀಟಿನಿಂದ ನೋಡಿದರೆ ವೆಡ್ಜ್ ಕಾಣುವುದಿಲ್ಲ, ಬಕೆಟ್ಟಿನ ಬೆನ್ನು ಮಾತ್ರ ಕಾಣುತ್ತದೆ. ಕೈ ಲಿವರ್ ಇದ್ದರೆ ಚಾಲಕ ಕೆಳಗಿಳಿಯಲೇಬೇಕು, ಇಳಿದವನು ವೆಡ್ಜ್ ಇಳಿದಿದೆಯೋ ಇಲ್ಲವೋ ನೋಡಿಯೇ ಹತ್ತುತ್ತಾನೆ. ವೆಡ್ಜಿನ ಸ್ಥಿತಿಯನ್ನು ಸೀಟಿಗೆ ತೋರಿಸುವ ಒಂದು ಕೆಂಪು ಪಟ್ಟಿಯನ್ನು ಮಣ್ಣಿಗೆ, ಗೊಬ್ಬರಕ್ಕೆ ಕೆಡದಂತೆ ಮಾಡಲು ದಾರಿ ಹುಡುಕುತ್ತಿದ್ದೇನೆ. ಅದು ಆಗುವವರೆಗೆ ಹೈಡ್ರಾಲಿಕ್ ಲಾಕ್‌ಗೆ ಮುಂಗಡ ತೆಗೆದುಕೊಳ್ಳುವುದಿಲ್ಲ.