ಆಫ್ ಮಾಡಬೇಡಿ

ದಾವಣಗೆರೆಯ ನಮ್ಮ ಆಡಿಟ್ ಆಫೀಸಿನಲ್ಲಿ ಒಂದು ಕಂಪ್ಯೂಟರಿಗೆ ಕೆಂಪು ಸ್ಕೆಚ್ ಪೆನ್ನಿನ ಚೀಟಿ ಅಂಟಿಸಿತ್ತು: 'ದಯವಿಟ್ಟು ಆಫ್ ಮಾಡಬೇಡಿ'. ಪ್ರಿಂಟರಿನ ಯುಎಸ್‌ಬಿ ವೈರ್ ಸಿಕ್ಕಿಸಿದ್ದು ಅದಕ್ಕೇ. ಪಾರ್ಟಿಗಳ, ಅಂದರೆ ನಮ್ಮ ಗ್ರಾಹಕರ, ಫೈಲುಗಳೆಲ್ಲ ಇದ್ದದ್ದು ಅದರ ಡಿ ಡ್ರೈವಿನಲ್ಲೇ. ನಾಲ್ಕು ಜನ ಇದ್ದಾಗ ಹೇಗೋ ನಡೆಯಿತು. ಆಮೇಲೆ ಹನ್ನೊಂದು ಜನ ಆದೆವು.

ಅವತ್ತು ತಿಂಗಳ 20, ಜಿಎಸ್‌ಟಿ 3ಬಿ ರಿಟರ್ನಿನ ಕೊನೆ ದಿನ. ಮಧ್ಯಾಹ್ನ ಆ ಕಂಪ್ಯೂಟರ್ ತಾನಾಗಿಯೇ ವಿಂಡೋಸ್ ಅಪ್‌ಡೇಟಿಗೆ ಕೂತುಬಿಟ್ಟಿತು. ಪರದೆ ಮೇಲೆ 27 ಪರ್ಸೆಂಟ್. ಹತ್ತು ನಿಮಿಷ ಬಿಟ್ಟು ನೋಡಿದರೂ ಅಷ್ಟೇ. ಹಾರ್ಡ್‌ವೇರ್ ಅಂಗಡಿಯ ಪಾರ್ಟಿಯೊಬ್ಬರು ಹೆಲ್ಮೆಟ್ ತೊಡೆ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಅವರ ಫೈಲಿನ ಪ್ರತಿ ಇನ್ನೊಂದು ಸಿಸ್ಟಮ್ಮಿನಲ್ಲಿ ಸಿಕ್ಕಿತು, ಆದರೆ ಮೂರು: 'ಫೈನಲ್', 'ಫೈನಲ್ 2', 'ಫೈನಲ್ ಸರ್ ನೋಡಿದ್ದು'. ಯಾವುದು ನಂಬುವುದು?

ಮರುದಿನ ಸರ್, "ಏನಾದ್ರೂ ಒಂದು ಸರ್ವರ್ ನೋಡಪ್ಪ" ಅಂದರು.

ಬಂದ ವೆಂಡರ್ ದೊಡ್ಡ ಟವರ್ ಸರ್ವರಿಗೆ ಕೊಟೇಶನ್ ಕೊಟ್ಟರು. ವಿಂಡೋಸ್ ಸರ್ವರ್ ಬೇರೆ, ತಲೆಗೊಂದು ಲೈಸೆನ್ಸ್ ಬೇರೆ. ಮೊತ್ತ ನೋಡಿ ಸರ್ ಕನ್ನಡಕ ತೆಗೆದಿಟ್ಟರು. ಹಳೇ ಕಂಪ್ಯೂಟರಿಗೆ ಲಿನಕ್ಸ್, ಅದರ ಮೇಲೆ ಫೈಲ್ ಹಂಚುವ ಸಾಂಬಾ ಅನ್ನೋ ಸಾಫ್ಟ್‌ವೇರ್ ಹಾಕಿದರೆ ಪುಕ್ಕಟೆ ಆಗುತ್ತದೆ, ಅದು ನನಗೂ ಬರುತ್ತದೆ. ಆದರೆ ನಾನು ರಜೆ ಹಾಕಿದ ದಿನ ಅದು ಕೈಕೊಟ್ಟರೆ? ಊರ ಜಾತ್ರೆಯಲ್ಲೂ ನನಗೇ ಫೋನ್ ಬರುತ್ತದೆ, ಅಲ್ವಾ? ಕೊನೆಗೆ ಎರಡು ಡಿಸ್ಕಿನ ಸಣ್ಣ ನ್ಯಾಸ್ ಡಬ್ಬಿ ತಂದೆವು, ಅಂದರೆ ಎಲ್ಲರ ಫೈಲೂ ಒಂದೇ ಕಡೆ ಇಟ್ಟು ನೆಟ್‌ವರ್ಕಿನಲ್ಲಿ ಹಂಚುವ ಡಬ್ಬಿ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರಲ್ಲಿ ಅದೇ ಡೇಟಾ ಇರುತ್ತದೆ. ಕರೆಂಟ್ ಹೋದರೆ ಇರಲಿ ಅಂತ ಅದಕ್ಕೊಂದು ಯುಪಿಎಸ್.

ಪ್ರಿಂಟರಿನ ಕಥೆಯೇ ತಮಾಷೆ. ಎಲ್ಲರ ಪ್ರಿಂಟೂ ಅದಕ್ಕೆ ಕಳಿಸಲು ಬೇರೆ ಪ್ರಿಂಟ್ ಸರ್ವರ್ ಬೇಕೆಂದು ವೆಂಡರ್ ವಾದಿಸುತ್ತಿದ್ದರು. ಪ್ರಿಂಟರ್ ತಿರುಗಿಸಿ ನೋಡಿದರೆ ಹಿಂದೆ ನೇರ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್ ಧೂಳು ಮೆತ್ತಿಕೊಂಡು ಕೂತಿದೆ! ಇಷ್ಟು ವರ್ಷ ಯಾರೂ ಅದಕ್ಕೆ ಕೇಬಲ್ ಹಾಕಿರಲೇ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ವಿಂಡೋಸ್ ಅಪ್‌ಡೇಟ್ ಆದಮೇಲೆ ಹೀಗೆ ಒಂದು ಕಂಪ್ಯೂಟರಿನಿಂದ ಶೇರ್ ಮಾಡಿದ ಪ್ರಿಂಟರುಗಳು '11ಬಿ' ಎರರ್ ತೋರಿಸಿ ನಿಂತಿದ್ದವು. ಆಗ ನಾನು ಎರಡು ದಿನ ತಲೆ ಚಚ್ಚಿಕೊಂಡಿದ್ದೆ. ಮೂರು ಮೀಟರ್ ಕೇಬಲ್ ಎಳೆದು, ಪ್ರಿಂಟರಿಗೆ ಒಂದು ಫಿಕ್ಸೆಡ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಟ್ಟಿದ್ದರೆ ಆಗ ಆ ತಲೆನೋವೇ ಇರುತ್ತಿರಲಿಲ್ಲ.

ನ್ಯಾಸ್ ಮೊದಲು ಆಮೆ ಥರ ಇತ್ತು. ಸೆಕೆಂಡಿಗೆ 11 ಎಂಬಿ, ಅದರ ಮೇಲೆ ಏಳುತ್ತಲೇ ಇರಲಿಲ್ಲ. ತಪ್ಪು ನ್ಯಾಸಿನದಲ್ಲ, ಕೇಬಲ್‌ಗಳೆಲ್ಲ ಸೇರುವ, ಮೂಲೆಯಲ್ಲಿದ್ದ ಹಳೇ 100 ಎಂಬಿಪಿಎಸ್ ಸ್ವಿಚ್ಚಿನದು. ಅದು ಮೆಗಾಬಿಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಗಿಗಾಬಿಟ್ ಸ್ವಿಚ್ ಹಾಕಿದ ಮೇಲೆ ವೇಗ ಸೆಕೆಂಡಿಗೆ 100 ಎಂಬಿ ದಾಟಿತು.

ಎರಡನೇ ವಾರ ಹೊಸ ಹುಡುಗ ಒಂದು ಪಾರ್ಟಿಯ ಫೋಲ್ಡರ್ ಪೂರ್ತಿ ಡಿಲೀಟ್ ಮಾಡಿದ. ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಹೋಯಿತು, ಜೋಡಿ ಡಿಸ್ಕ್ ಅಂದರೆ ಅಷ್ಟೇ. ಕಾಪಾಡಿದ್ದು ನಾನು ಶನಿವಾರ ಕಾಪಿ ಮಾಡಿಕೊಂಡಿದ್ದ ಯುಎಸ್‌ಬಿ ಹಾರ್ಡ್ ಡಿಸ್ಕ್. ಅವತ್ತಿನಿಂದ ಪ್ರತಿ ಶನಿವಾರ ಅದು ನನ್ನ ಟಿಫಿನ್ ಬ್ಯಾಗಿನಲ್ಲಿ ಮನೆಗೆ ಬರುತ್ತದೆ. ಮೊನ್ನೆ ಅದರ ಕವರಿಗೆ ಸಾರು ಸೋರಿತ್ತು. ಒರೆಸಿ, ಇನ್ನೊಂದು ಡಿಸ್ಕ್ ಬೇಕೆಂದು ಸರ್‌ಗೆ ಹೇಳಿದ್ದೇನೆ. ಸಾರಿನ ವಿಷಯ ಹೇಳಿಲ್ಲ.