ಚಿತ್ರಸಂತೆಗೆ ದೊಡ್ಡಮ್ಮ ಬಂದಿದ್ದಳು

ಸಾಗರದ ಕಡೆಯ ನಮ್ಮ ದೊಡ್ಡಮ್ಮ ಮಂಡಿನೋವು ತೋರಿಸಲು ಬೆಂಗಳೂರಿಗೆ ಬಂದಿದ್ದಳು. ಡಾಕ್ಟರು ಸಿಗುವುದು ಸೋಮವಾರ. ಭಾನುವಾರ, 2025ರ ಜನವರಿ 5, ಚಿತ್ರಸಂತೆ. ಮಂಡಿನೋವಿನವಳನ್ನು ಕುಮಾರಕೃಪಾ ರಸ್ತೆಯ ಆ ನೂಕುನುಗ್ಗಲಿಗೆ ಕರೆದೊಯ್ದದ್ದು ಬುದ್ಧಿವಂತರ ಕೆಲಸವಲ್ಲ, ಒಪ್ಪುತ್ತೇನೆ.

ಅದು 22ನೇ ಸಂತೆ. ಚಿತ್ರಕಲಾ ಪರಿಷತ್ತಿನ ಒಳಗೂ ಹೊರಗೂ ಸಾವಿರದೈನೂರರಷ್ಟು ಕಲಾವಿದರು. ಕಾಂಪೌಂಡಿಗೆ ಒರಗಿಸಿದ್ದು, ನೆಲಕ್ಕೆ ಹಾಸಿದ್ದು, ಎಲ್ಲಿ ನೋಡಿದರೂ ಚಿತ್ರ. ಬುದ್ಧ, ಗಣಪತಿ, ಓಡುವ ಕುದುರೆಗಳಿಗಂತೂ ಲೆಕ್ಕವಿಲ್ಲ. ದೊಡ್ಡಮ್ಮ ಇವನ್ನೆಲ್ಲ ದಾಟಿಕೊಂಡು ಬಂದು ಒಂದು ಕಡೆ ಗಕ್ಕನೆ ನಿಂತಳು. ಕೆಂಪು ನೆಲದ ಮೇಲೆ ಬಿಳಿ ಎಳೆಗಳ ಹಸೆ ಚಿತ್ತಾರ, ಕಟ್ಟು ಹಾಕಿಸಿದ್ದು.

"ಇದಕ್ಕೆಂತಕೆ ಗಾಜು ಹಾಕಿದಾರೆ?"

ನಮ್ಮ ದೀವರ ಮನೆಗಳಲ್ಲಿ ಮದುವೆ ಬಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆ ಬಂದರೆ ಬುಟ್ಟಿಯ ಮೇಲೂ ಬರೆಯಬೇಕು. ಗೋಡೆಯದು ಮಾಸುತ್ತದೆ, ಮತ್ತೆ ಬರೆಯುತ್ತಾರೆ. ಈ ಕೈಕೆಲಸದಲ್ಲಿ ದೊಡ್ಡಮ್ಮ ಊರಿಗೇ ಹೆಸರಾದವಳು.

ಮಾರುತ್ತಿದ್ದ ಹುಡುಗಿ ಕಲಾಶಾಲೆಯ ವಿದ್ಯಾರ್ಥಿನಿ. ಬಣ್ಣ ಅಕ್ರಿಲಿಕ್ಕು. ದೊಡ್ಡಮ್ಮ ಬೆರಳು ಮಡಚುತ್ತ ಎಳೆ ಎಣಿಸಿ, "ಈ ಮೂಲೇಲಿ ಒಂದೆಳೆ ಬಿಟ್ಟಿದೆ ಮಗಾ" ಅಂದಳು. ಹುಡುಗಿ ಬಗ್ಗಿ ನೋಡಿ ನಕ್ಕುಬಿಟ್ಟಳು. ಎರಡು ಸಾವಿರ ಹೇಳಿದ್ದಳು. ನಾನು ಸಂತೆಯ ಅಭ್ಯಾಸದಂತೆ ಸಾವಿರದೈನೂರಕ್ಕೆ ಕೇಳಿದೆ. ದೊಡ್ಡಮ್ಮ ನನ್ನ ತೋಳು ಚಿವುಟಿದಳು. ಎರಡೇ ಸಾವಿರ ಕೊಟ್ಟೆ.

ಬಿಸಿಲು ಏರಿತ್ತು. ನೆರಳಲ್ಲಿ ಕೂರಲು ಜಾಗ ಬೇಕೆಂದು ಆಟೋ ಹಿಡಿದು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೆ ಹೋದೆವು. 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅಲ್ಲಿದೆ. ಮರಗಳ ಕೆಳಗೆ ಅರ್ಧ ಗಂಟೆ ಕೂತು ಒಳಗೆ ಹೊರಟರೆ ದೊಡ್ಡಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಬೇಡವೆಂದರೂ ಕೇಳಲಿಲ್ಲ. ಸಂತೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದವಳು ಇಲ್ಲಿ ಪಿಸುಗುಟ್ಟತೊಡಗಿದಳು.

ಜಾಮಿನಿ ರಾಯ್ ಚಿತ್ರದ ಮುಂದೆ ಮಾತ್ರ ಪಿಸುಮಾತು ಮರೆತುಹೋಯಿತು. ದೊಡ್ಡ ಕಣ್ಣು, ದಪ್ಪ ಗೆರೆ. ಕಲ್ಕತ್ತೆಯ ಆರ್ಟ್ ಸ್ಕೂಲಿನಲ್ಲಿ ಕಲಿತು, ತೈಲವರ್ಣದಲ್ಲಿ ಭಾವಚಿತ್ರ ಬರೆಯುತ್ತಿದ್ದವರು ಅದನ್ನು ಬಿಟ್ಟು ಬಂಗಾಳದ ಪಟಚಿತ್ರದವರ ದಾರಿ ಹಿಡಿದರು, ಮಣ್ಣಿನ ಬಣ್ಣ, ದೀಪದ ಮಸಿ, ಹುಣಸೆ ಬೀಜದ ಅಂಟು ಬಳಸಿದರು ಎಂದೆ. ಸಾಮಾನ್ಯರ ಮನೆಗೂ ಸೇರಲಿ ಎಂದು ಅಗ್ಗಕ್ಕೇ ಕೊಡುತ್ತಿದ್ದರಂತೆ ಎಂದೂ ಸೇರಿಸಿದೆ. (ಈಗ ಅವರ ಚಿತ್ರ ದೇಶದಾಚೆ ಒಯ್ಯುವಂತಿಲ್ಲ, ರಾಷ್ಟ್ರೀಯ ಕಲಾನಿಧಿ.)

"ಹಂಗಾರೆ ನಮ್ಮ ಪೈಕಿನೇ" ಎಂದು ಬೆರಳನ್ನು ಗೆರೆಯ ಜಾಡಿನಲ್ಲಿ ಗಾಳಿಯಲ್ಲೇ ಓಡಿಸಿದಳು. ಕಾವಲಿನವರು "ಅಮ್ಮಾ, ಸ್ವಲ್ಪ ಹಿಂದೆ" ಎಂದರು.

ಮನೆಗೆ ಬಂದು ಚಿತ್ತಾರ ಎಲ್ಲಿ ತೂಗುಹಾಕುವುದೆಂದು ನೋಡಿದರೆ, ನಮ್ಮ ಓನರ್ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಫ್ರಿಜ್ಜಿನ ಮೇಲೆ ಒರಗಿಸಿಟ್ಟೆ. ದೊಡ್ಡಮ್ಮ ಮಂಡಿಗೆ ಎಣ್ಣೆ ತಿಕ್ಕುತ್ತ ಹಾಲಿನ ಖಾಲಿ ಗೋಡೆಯನ್ನೇ ನೋಡುತ್ತಿದ್ದಳು.

"ಮೊಳೆ ಬ್ಯಾಡ ಅಂದಿದಾರೆ. ಅಕ್ಕಿಹಿಟ್ಟು?"