ಹೊಕ್ಕುಳ ಮೇಲೆ ಅಂಟಿಸಿದ ಟೇಪು

ಬೆಂಗಳೂರಿನ ಬನಶಂಕರಿ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿ ಸೇರಿದ ಎರಡನೆಯ ವರ್ಷದ ಬೇಸಿಗೆಯಲ್ಲಿ, ತಾಯಿಯೊಬ್ಬರು ತಮ್ಮ ಅತ್ತೆಯವರೊಂದಿಗೆ ಬಂದು ಎರಡೂವರೆ ತಿಂಗಳ ಗಂಡುಮಗುವನ್ನು ನನ್ನ ಮುಂದೆ ಮಲಗಿಸಿದರು. ಅವಧಿಗೆ ಐದು ವಾರ ಮೊದಲೇ ಹುಟ್ಟಿದ ಮಗು. ಅತ್ತಾಗಲೆಲ್ಲ ಹೊಕ್ಕುಳು ದೊಡ್ಡ ನೆಲ್ಲಿಕಾಯಿಯಷ್ಟು ಉಬ್ಬುತ್ತಿತ್ತು. ಅಳು ನಿಂತ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳುಗುಳು ಎನ್ನುತ್ತ ಒಳಗೆ ಸರಿಯುತ್ತಿತ್ತು. ಅಜ್ಜಿ ಹಳೆಯ ಪಂಚೆಯ ಬಟ್ಟೆಯಲ್ಲಿ ರೂಪಾಯಿ ನಾಣ್ಯವೊಂದನ್ನು ಸುತ್ತಿ, ಅದನ್ನು ಹೊಕ್ಕುಳ ಮೇಲಿಟ್ಟು ಸೊಂಟಕ್ಕೆ ಬಿಗಿಯಾಗಿ ಕಟ್ಟಿದ್ದರು. ನಾಣ್ಯದ ಅಡಿಯಲ್ಲಿ ಬೆವರು ನಿಂತು ಸೋಂಕಾಗುತ್ತದೆ ಎಂದು ನಾನು ತುಸು ಗಡಸಾಗಿಯೇ ಹೇಳಿ ಅದನ್ನು ಬಿಚ್ಚಿಸಿದೆ. ಆ ಮಾತು ಸರಿಯಾಗಿತ್ತು. ಅದರ ಬೆನ್ನಿಗೇ ಮಾಡಿದ ಕೆಲಸ ಸರಿಯಾಗಿರಲಿಲ್ಲ.

ಆ ತಾಯಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಬಂದಿದ್ದರು. ಅದರಲ್ಲಿ ಹಿಗ್ಗುವ ಬಣ್ಣದ ಟೇಪನ್ನು ಮಗುವಿನ ಹೊಟ್ಟೆಯ ಮೇಲೆ ಅಡ್ಡಲಾಗಿ ಅಂಟಿಸುತ್ತಿದ್ದರು. ಈ ಟೇಪು ನನಗೆ ಹೊಸದಲ್ಲ. ಜಪಾನಿನ ಕೆಂಜೋ ಕಾಸೆ 1970ರ ದಶಕದಲ್ಲಿ ಅಭಿವೃದ್ಧಿಪಡಿಸಿದ ಇದು ಹತ್ತಿಯ ನೇಯ್ಗೆಯದು, ಅಕ್ರಿಲಿಕ್ ಅಂಟಿನದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ಭುಜ, ಮೊಣಕಾಲುಗಳ ಮೇಲೆ ಕಾಣಿಸಿಕೊಂಡ ಮೇಲೆ ಎಲ್ಲೆಡೆ ಪರಿಚಿತವಾಯಿತು. ಎಳೆದರೆ ಮೂಲ ಉದ್ದಕ್ಕಿಂತ ಶೇಕಡಾ 40ರಿಂದ 60ರಷ್ಟು ಹಿಗ್ಗುತ್ತದೆ. ದಿನವೂ ದೊಡ್ಡವರ ಮೊಣಕಾಲಿಗೆ ಅಂಟಿಸಿ ಪಳಗಿದ್ದ ನಾನು, ಮಕ್ಕಳ ವೈದ್ಯರಿಗೆ ಒಂದು ಫೋನನ್ನೂ ಮಾಡದೆ, ಹೊಕ್ಕುಳನ್ನು ಒಳಗೆ ಸರಿಸಿ, ಎರಡು ಪಟ್ಟಿಗಳನ್ನು ಚೆನ್ನಾಗಿ ಎಳೆದು ಅಡ್ಡಲಾಗಿ ಅಂಟಿಸಿಬಿಟ್ಟೆ. ಉಬ್ಬು ಮಾಯವಾಯಿತು. ತಾಯಿಯ ಮುಖ ಅರಳಿತು. ಅಜ್ಜಿ ಮಾತ್ರ, "ನಾನು ಕಾಸು ಕಟ್ಟಿದೆ, ನೀವು ಪಟ್ಟಿ ಅಂಟಿಸಿದಿರಿ. ಎರಡೂ ಒತ್ತಿ ಹಿಡಿಯೋದೇ ಅಲ್ವೇನಮ್ಮಾ?" ಎಂದರು. ನಾನು ನಕ್ಕು ಸುಮ್ಮನಾದೆ, ಏಕೆಂದರೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರನೆಯ ದಿನ ಅವರು ಮತ್ತೆ ಬಂದರು. ಪಟ್ಟಿಯ ಎರಡೂ ತುದಿಗಳಲ್ಲಿ ಚರ್ಮ ಕೆಂಪಾಗಿ, ಒಂದು ಕಡೆ ಸಣ್ಣ ನೀರುಗುಳ್ಳೆ ಎದ್ದಿತ್ತು. ಆ ಮನೆಯಲ್ಲಿ ಮಗುವಿಗೆ ದಿನವೂ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದ ತಿಕ್ಕಿ ನೀರು ಹಾಕುವ ರೂಢಿಯಿತ್ತು. ಎಣ್ಣೆಗೆ ಬಿಟ್ಟುಕೊಂಡ ತುದಿಯನ್ನು ನೀರು ಹಾಕುವ ಹೆಂಗಸು ಒಂದೇ ಸಲಕ್ಕೆ ಎಳೆದು ಕಿತ್ತಿದ್ದರು. ಅವರನ್ನು ದೂರುವಂತಿಲ್ಲ, ಮನೆಯಲ್ಲಿ ಎಣ್ಣೆನೀರಿನ ಪದ್ಧತಿ ಇದೆಯೇ ಎಂದು ಕೇಳಬೇಕಾದವಳು ನಾನು. ಅದಕ್ಕಿಂತ ದೊಡ್ಡ ತಪ್ಪು ಎಳೆತದ್ದು. ಟೇಪಿನ ತುದಿಗಳನ್ನು ಎಳೆಯದೆ ಅಂಟಿಸಬೇಕೆಂಬುದು ಈ ಕೆಲಸದ ಮೊದಲ ಪಾಠ. ಎಳೆದ ಟೇಪು ಮರಳಿ ಕುಗ್ಗುವಾಗ ತುದಿಯ ಚರ್ಮವನ್ನು ಜಗ್ಗುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಕೂಸಿನ ಚರ್ಮದ ಪದರಗಳು ಒಂದಕ್ಕೊಂದು ಇನ್ನೂ ಗಟ್ಟಿಯಾಗಿ ಕೂಡಿಕೊಂಡಿರದ ಕಾರಣ, ದೊಡ್ಡವರಲ್ಲಿ ಬರಿಯ ತುರಿಕೆಯಾಗುವ ಕಡೆ ಇಲ್ಲಿ ಗುಳ್ಳೆಯೇಳುತ್ತದೆ. ಜೊತೆಗೆ ಎಳೆಯ ಕೂಸು ಉಸಿರಾಡುವುದು ಹೆಚ್ಚಾಗಿ ಹೊಟ್ಟೆಯಿಂದ. ಆ ಹೊಟ್ಟೆಗೆ ಅಡ್ಡಲಾಗಿ ಬಿಗಿಯುವ ಮೊದಲು ನಾನು ಅದನ್ನೂ ಯೋಚಿಸಿರಲಿಲ್ಲ.

ಆ ದಿನವೇ ಹಿರಿಯ ಮಕ್ಕಳ ವೈದ್ಯರೊಬ್ಬರ ಬಳಿಗೆ ಮಗುವನ್ನು ಕರೆದೊಯ್ದೆವು. ಅವರು ಗುಳ್ಳೆಗೆ ಆರೈಕೆ ಹೇಳಿದ ಮೇಲೆ ನನ್ನ ಕಿರುಬೆರಳನ್ನು ಹಿಡಿದು, ಉಬ್ಬನ್ನು ಒಳಗೆ ಸರಿಸಿ, ಅದರಡಿಯ ಉಂಗುರದಂಥ ಅಂಚನ್ನು ಮುಟ್ಟಿಸಿದರು. ಹೊಕ್ಕುಳ ಬಳ್ಳಿ ಹಾದುಹೋಗಿದ್ದ ಕಿಂಡಿ ಹುಟ್ಟಿದ ಮೇಲೆ ಪೂರ್ತಿ ಮುಚ್ಚದೆ ಉಳಿದಿರುವುದೇ ಈ ಹರ್ನಿಯಾ. ಅದು ಮುಚ್ಚುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಆ ಕಿಂಡಿಯ ಅಗಲವನ್ನು ನೋಡಬೇಕು. ಮೇಲಿನ ಉಬ್ಬು ಎಷ್ಟು ದೊಡ್ಡದಾಗಿ ಕಂಡರೂ, ಅಡಿಯ ಕಿಂಡಿ 1 ಸೆಂಟಿಮೀಟರಿಗಿಂತ ಕಿರಿದಾಗಿದ್ದರೆ ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, 1.5 ಸೆಂಟಿಮೀಟರನ್ನು ಮೀರಿದರೆ ಆ ಸಾಧ್ಯತೆ ಇಳಿಯುತ್ತದೆ. ನಾಲ್ಕೈದು ವರ್ಷವಾದರೂ ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ಹೊಕ್ಕುಳಿಗಿಂತ ಮೇಲೆ, ನಡುಗೆರೆಯಲ್ಲಿ ಉಬ್ಬಿದ್ದರೆ ಅದು ಬೇರೆ ಬಗೆಯದು. ಅದು ಸಾಮಾನ್ಯವಾಗಿ ತಾನಾಗಿ ಮುಚ್ಚುವುದಿಲ್ಲ.

ಅಜ್ಜಿಯ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಆಗ. ತಮ್ಮ ಮೂರು ಮಕ್ಕಳ ಹೊಕ್ಕುಳೂ ಕಾಸು ಕಟ್ಟಿದ್ದರಿಂದಲೇ ಸರಿಹೋಯಿತೆಂದು ಅವರು ನಂಬಿದ್ದರು. ವಿಡಿಯೋದವರು ಟೇಪಿನಿಂದಲೇ ಎಂದು ನಂಬಿದ್ದರು. ಏನನ್ನೂ ಮಾಡದಿದ್ದರೂ ಬಹುಪಾಲು ಮುಚ್ಚಿಕೊಳ್ಳುವ ಕಿಂಡಿಗೆ ಏನನ್ನು ಕಟ್ಟಿದರೂ, ಕಟ್ಟಿದ್ದಕ್ಕೆ ಹೆಸರು ಬರುತ್ತದೆ. ಜಪಾನಿನಲ್ಲಿ ಹತ್ತಿಯ ಉಂಡೆಯ ಮೇಲೆ ತೆಳುವಾದ ಪಾರದರ್ಶಕ ಫಿಲ್ಮ್ ಅಂಟಿಸುವ ಕ್ರಮವನ್ನು ಕೆಲವು ವೈದ್ಯರು ಅನುಸರಿಸುತ್ತಾರೆ, ಕಿಂಡಿ ಬೇಗ ಮುಚ್ಚಿ ಚರ್ಮ ಜೋಲುವುದು ಕಡಿಮೆಯಾಗುತ್ತದೆಂಬುದು ಅವರ ವಾದ. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ ನಡೆಯುವ ಕೆಲಸ, ನಾನು ಮಾಡಿದಂತೆ ವಿಡಿಯೋ ನೋಡಿ ಎಳೆದು ಅಂಟಿಸಿದ್ದಲ್ಲ.

ಈಗಲೂ ತಿಂಗಳಿಗೆ ಒಬ್ಬಿಬ್ಬರಾದರೂ ಟೇಪು ಕೇಳಿಕೊಂಡು ಬರುತ್ತಾರೆ. ಮಕ್ಕಳ ವೈದ್ಯರು ನೋಡದ ಮಗುವಿನ ಹೊಟ್ಟೆಗೆ ನಾನು ಕೈಹಾಕುವುದಿಲ್ಲ. ಇದು ಬರಿಯ ಎಚ್ಚರಿಕೆಯ ಮಾತಲ್ಲ: ಹೊಕ್ಕುಳು ಉಬ್ಬಿ, ಜೊತೆಗೆ ಮಗು ಮಂಕಾಗಿ, ಮಲಬದ್ಧತೆಯಿಂದ ನರಳುತ್ತ, ಕಾಮಾಲೆ ಬೇಗ ಇಳಿಯದೆ ಇದ್ದರೆ ಥೈರಾಯ್ಡ್ ಕೊರತೆಯನ್ನು ಪರೀಕ್ಷಿಸಬೇಕಾಗುತ್ತದೆ, ಟೇಪಿನ ಗಡಿಬಿಡಿಯಲ್ಲಿ ಅದು ಮರೆತುಹೋಗಬಾರದು. ವೈದ್ಯರೇ ಟೇಪು ಬೇಕೆಂದರೆ, ಹೊಕ್ಕುಳು ಪೂರ್ತಿ ಒಣಗಿದೆಯೇ ಎಂದು ನೋಡಿ, ಒಂದು ಸಣ್ಣ ತುಂಡನ್ನು ಒಂದು ದಿನ ಅಂಟಿಸಿ ಚರ್ಮ ತಡೆಯುತ್ತದೆಯೇ ಎಂದು ಪರೀಕ್ಷಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ತುದಿಗಳನ್ನು ಸಡಿಲವಾಗಿಯೇ ಅಂಟಿಸುತ್ತೇನೆ. ತೆಗೆಯುವಾಗ ಎಣ್ಣೆಯಲ್ಲಿ ನೆನೆಸಿ, ಟೇಪನ್ನು ಎತ್ತುವ ಬದಲು ಚರ್ಮವನ್ನು ಕೆಳಗೆ ಒತ್ತಿ ಬಿಡಿಸಬೇಕೆಂದು ತಾಯಂದಿರಿಂದಲೇ ಒಮ್ಮೆ ಮಾಡಿಸಿ ನೋಡುತ್ತೇನೆ.

ಹೆಚ್ಚಿನವರಿಗೆ ಟೇಪು ಅಂಟಿಸದೆಯೇ ಕಳುಹಿಸುತ್ತೇನೆ. ಉಬ್ಬು ಗಟ್ಟಿಯಾಗಿ ಒಳಗೆ ಸರಿಯದಿದ್ದರೆ, ಕೆಂಪಾಗಿ ಇಲ್ಲವೆ ಕಪ್ಪಾಗಿ ತಿರುಗಿದರೆ, ಮಗು ಎಡೆಬಿಡದೆ ಅತ್ತು ವಾಂತಿ ಮಾಡಿದರೆ ಬೆಳಗಾಗುವವರೆಗೆ ಕಾಯದೆ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೋಗಬೇಕು, ಇಂಥದ್ದು ಅಪರೂಪವಾದರೂ ಗುರುತು ತಿಳಿದಿರಬೇಕು ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಡುತ್ತೇನೆ. ಮೊದಲು ನೋಡಿದ ಆ ಮಗುವಿನ ಕಿಂಡಿಯ ಅಗಲವನ್ನು ಮೂರು ತಿಂಗಳಿಗೊಮ್ಮೆ ಬರೆದಿಡುತ್ತ ಬಂದೆ. ಒಂದು ವರ್ಷ ನಾಲ್ಕು ತಿಂಗಳಾಗುವಾಗ ನನ್ನ ಕಿರುಬೆರಳ ತುದಿಯೂ ಅದರಲ್ಲಿ ಹಿಡಿಸಲಿಲ್ಲ. ಈ ಸಲ ಏನು ಕಟ್ಟಿದಿರಿ ಎಂದು ನಾನು ಕೇಳಿದ್ದಕ್ಕೆ, "ಉಡಿದಾರ ಕಟ್ಟಿದೀವಿ, ಇನ್ನೇನು ಕಟ್ಟೋದು" ಎಂದರು ಅಜ್ಜಿ.